ಕೂಗಬಾರದ ಕಡೆ ಕೂಗಿದ ಮೀಟರು

ನನ್ನ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಡಿಲವಾದ ಜಾಯಿಂಟು ಬಿಸಿಯಾಗಿ ವೈರಿನ ಪ್ಲಾಸ್ಟಿಕ್ಕು ಕಮರುವುದಕ್ಕೆ ಒಂದು ವಾರ ಮುಂಚೆಯೇ, ಮೂರು ಬೀದಿ ಆಚೆಯಿಂದ, ಅದೂ ನೆಗಡಿ ಬಂದಿದ್ದಾಗಲೂ ನಾನು ಅದನ್ನು ಮೂಸಿ ಹೇಳಬಲ್ಲೆ. ಒಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಆ ವಾಸನೆ ಬಂತು. ಇಳಿದು, ಗುರುತು ಪರಿಚಯವಿಲ್ಲದ ಮನೆಯೊಂದರ ಎರಡನೇ ಮಹಡಿಗೆ ನೇರವಾಗಿ ಹತ್ತಿ, ಮಂಚದ ಹಿಂದಿನ ಪ್ಲಗ್ಗಿಗೆ ಬೆರಳು ತೋರಿಸಿದೆ. ಆ ಮನೆಯವರು ನನ್ನನ್ನು ಕಳ್ಳನೆಂದು ಹಿಡಿದು ಸಂಜೆಯವರೆಗೆ ಕೂರಿಸಿಕೊಂಡದ್ದು ಬೇರೆ ಮಾತು. ಪ್ಲಗ್ಗು ಸುಟ್ಟಿತ್ತೋ ಇಲ್ಲವೋ? ಸುಟ್ಟಿತ್ತು.

ಮೂವತ್ತೊಂದು ವರ್ಷದಲ್ಲಿ ನಾನು ಎಳೆದ ವೈರನ್ನೆಲ್ಲ ಒಂದಕ್ಕೊಂದು ಕಟ್ಟಿದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಬಲ್ಬು ಹಾಕಿ, ವಾಪಸ್ಸು ಬಂದು, ಮಿಕ್ಕಿದ್ದರಲ್ಲಿ ನಮ್ಮ ಬೀದಿಯವರೆಲ್ಲ ಬಟ್ಟೆ ಒಣಹಾಕಿಕೊಳ್ಳಬಹುದು. ಇಂಥ ನಾನು ಸ್ವಂತ ತಂಗಿಯ ಮನೆಗೆ ಒಂದು ಮೊಳ ವೈರೂ ಎಳೆಯಲಿಲ್ಲ. ಕಾಲು ಮುರಿದಿತ್ತು. ಮೂರನೇ ಮಹಡಿಯ ಏಣಿಯಿಂದ ಬಿದ್ದೆ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಅಡುಗೆಮನೆಯ ಸ್ಟೂಲಿನಿಂದ ಬಿದ್ದದ್ದು ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳಿದ್ದಾಳೆ. ಯಾರನ್ನು ನಂಬಬೇಕು ಅನ್ನುವುದು ನಿಮಗೆ ಬಿಟ್ಟಿದ್ದು.

ಕಾಲಿಗೆ ಸಿಮೆಂಟಿನಂಥ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಲ್ಲಿಂದಲೇ ತಂಗಿಗೆ ಹೇಳಿದ್ದೆ: "ನೀನೇನೂ ಚಿಂತೆ ಮಾಡ್ಬೇಡ. ಟೇಪುವನ್ನ ಕಳಿಸ್ತೀನಿ. ಅವನ ಕೈ ಅಂದ್ರೆ ನನ್ನ ಕೈಯೇ ಅನ್ಕೋ."

ಟೇಪು ನಲವತ್ತು ದಾಟಿದ ಗಂಡಸು. ಹತ್ತು ವರ್ಷ ನನ್ನ ಜೊತೆ ಕೆಲಸ ಮಾಡಿ, ಕಲಿಯಬೇಕಾದ್ದನ್ನೂ ಕಲಿಯಬಾರದ್ದನ್ನೂ ಕಲಿತು, ಈಗ ಸ್ವಂತವಾಗಿ ಕೆಲಸ ಹಿಡಿಯುತ್ತಾನೆ. ಸ್ಕ್ರೂ ಹಾಕಬೇಕಾದ ಕಡೆ ಟೇಪು, ಕ್ಲಾಂಪು ಹೊಡೆಯಬೇಕಾದ ಕಡೆ ಟೇಪು, ಕಿತ್ತ ಚಪ್ಪಲಿಗೂ ಟೇಪು ಸುತ್ತಿ ನಡೆಯುವವನಾದ್ದರಿಂದ ಆ ಹೆಸರು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ನೆನಪಿದೆಯೋ ಇಲ್ಲವೋ.

ತಂಗಿಗೆ ಕರೆಂಟು ಎಂದರೆ ಭಯ. ಅವಳಿಗೆ ಎಂಟು ವರ್ಷವಾಗಿದ್ದಾಗ ನೀರಿನ ಪಂಪಿನ ಕಬ್ಬಿಣವನ್ನು ಒದ್ದೆ ಕೈಯಲ್ಲಿ ಹಿಡಿದು ಅಲ್ಲಿಗೇ ಅಂಟಿಕೊಂಡಿದ್ದಳು. ಬಾಯಿ ತೆರೆದಿತ್ತು, ಶಬ್ದ ಬರುತ್ತಿರಲಿಲ್ಲ. ನಾನು ಮರದ ಹಲಗೆಯಿಂದ ಅವಳ ಕೈಗೆ ಹೊಡೆದು ಬಿಡಿಸಿದೆ. ಇದನ್ನು ಮಾತ್ರ ನಾನು ಒಂದು ಕೂದಲೆಳೆಯಷ್ಟೂ ಹೆಚ್ಚಿಸಿ ಹೇಳುತ್ತಿಲ್ಲ. ಬಲಗೈಯ ಉಂಗುರದ ಬೆರಳು ಇವತ್ತಿಗೂ ಕೊಕ್ಕೆಯಂತೆ ಬಾಗಿದೆ. ಫ್ರಿಜ್ಜಾಗಲಿ ಇಸ್ತ್ರಿಪೆಟ್ಟಿಗೆಯಾಗಲಿ, ಮೊದಲು ಬೆರಳಿನ ಹಿಂಬದಿಯಿಂದ ಟಪ್ಪನೆ ಮುಟ್ಟಿ ನೋಡಿ ಆಮೇಲೇ ಹಿಡಿಯುತ್ತಾಳೆ. ಹೊಸ ಮನೆಯ ಹಿಂಬದಿಯ ಒಗೆಯುವ ಜಾಗದಲ್ಲಿ ಒಂದು ವಾಷಿಂಗ್ ಮೆಷಿನ್ನು ಇಡಬೇಕೆಂದು ಅವಳ ಗಂಡ ಹಟ ಹಿಡಿದಾಗ ಅವಳು ಹಾಕಿದ್ದು ಒಂದೇ ಷರತ್ತು.

"ಅಣ್ಣ ಎಲ್ಲ ಪರೀಕ್ಷೆ ಮಾಡಿ ಸಹಿ ಹಾಕ್ಬೇಕು. ಅವನ ಸಹಿ ಇದ್ರೆ ಬರಿಗಾಲಲ್ಲಿ ಆ ಮೆಷಿನ್ನನ್ನ ತಬ್ಕೊಂಡು ನಿಲ್ತೀನಿ. ಇಲ್ದಿದ್ರೆ ಕಲ್ಲಿನ ಮೇಲೇ ಒಗೀತೀನಿ."

ಸಹಿಯ ಕಾಗದ ಹೇಗಿದ್ದರೂ ಬೇಕಿತ್ತು. ಮನೆಯೊಳಗಿನ ವೈರಿಂಗು ಸರಿಯಿದೆ ಎಂದು ಲೈಸೆನ್ಸಿದ್ದವನೊಬ್ಬ ಬರೆದುಕೊಟ್ಟ ಮೇಲೇ ಕಂಬದಿಂದ ಕರೆಂಟು ಕೊಡುವುದು. ಲೈನ್‌ಮನ್ ಅವತ್ತು ನಾಲ್ಕು ಗಂಟೆಗೆ ಬರುವವನಿದ್ದ. ಎರಡು ದಿನ ಬಿಟ್ಟು ಸಾಮಾನಿನ ಲಾರಿ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ನಾನು ಊರುಗೋಲು ಎಸೆದು, ವೈರು ಪರೀಕ್ಷಿಸುವ ಮೀಟರು ಹೆಗಲಿಗೇರಿಸಿ ಹೊರಟೆ.

ಬಾಗಿಲು ದಾಟುತ್ತಲೇ ನನ್ನ ಮೂಗು ಮುಷ್ಕರ ಹೂಡಿತು.

ಹೊಸ ಮನೆಗೆ ಬಣ್ಣದ ವಾಸನೆ ಇರಬೇಕು, ಒದ್ದೆ ಸಿಮೆಂಟಿನ ವಾಸನೆ ಇರಬೇಕು. ಇಲ್ಲಿ ಅವೆರಡರ ಕೆಳಗೆ ಇನ್ನೇನೋ ಕೊಳೆತು ಕೂತಿತ್ತು. ಮೇನ್ ಬೋರ್ಡಿನ ಕೆಳಗಿನ ಮೂಲೆಯಲ್ಲಿ ಯಾರೋ ಒಬ್ಬರಲ್ಲ, ಮನೆ ಕಟ್ಟಿದ ಅಷ್ಟೂ ಜನ ಸರದಿಯ ಮೇಲೆ ಮೂತ್ರ ಮಾಡಿದ್ದರು. ಹೊಸ ಬಣ್ಣದ ಮೇಲೆ ಅದು ನಕಾಶೆಯಂತೆ ಹಳದಿಯಾಗಿ ಹಬ್ಬಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯವರ ಕಣ್ಣಲ್ಲೂ ಬಂದಿರಬೇಕು.

"ಥೂ! ಇದು ಮನೆಯೋ ಬಸ್‌ಸ್ಟ್ಯಾಂಡಿನ ಹಿಂದಿನ ಗೋಡೆಯೋ?" ಅಂದೆ.

ತಂಗಿಯ ಗಂಡ ಓಡಿ ಬಂದ. ಅವನು ನನ್ನನ್ನು ಭಾವ ಅನ್ನುತ್ತಾನೆ, ನಾನೂ ಅವನನ್ನು ಭಾವ ಅನ್ನುತ್ತೇನೆ. ಹೀಗಾಗಿ ನಮ್ಮ ಜಗಳವನ್ನು ಗೋಡೆಯಾಚೆಯಿಂದ ಕೇಳುವವರಿಗೆ ಒಬ್ಬನೇ ಮನುಷ್ಯ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾನೆ ಅನ್ನಿಸುತ್ತದಂತೆ.

"ಅದು ಬಿಡಿ ಭಾವ, ತೊಳೆಸಿದ್ರಾಯ್ತು. ಟೈಲ್ಸ್ ನೋಡಿದ್ರಾ?" ಅಂದ.

ಅವನಿಗೆ ಪ್ರಪಂಚದಲ್ಲಿ ಟೈಲ್ಸ್ ಒಂದೇ ಕಾಣುವುದು. ಒಗೆಯುವ ಜಾಗಕ್ಕೆ ನೀಲಿ ಹೂವಿನ ಟೈಲ್ಸ್ ಹುಡುಕುತ್ತ ಮೂರು ತಿಂಗಳು ಅಲೆದಿದ್ದಾನೆ. ಅವನ ಮದುವೆಗೆ ಹೆಣ್ಣು ನೋಡಿದ್ದು ಒಂದೇ ಮಧ್ಯಾಹ್ನ.

ಟೇಪು ಒಳಕೋಣೆಯಿಂದ ಬಂದು ನಿಂತ. ಬಾಯಲ್ಲಿ ಚ್ಯೂಯಿಂಗ್ ಗಮ್ಮು. ಅವನು ಹುಟ್ಟಿದಾಗ ಅಳುವ ಬದಲು ಅಗಿದನೋ ಏನೋ. "ಗುರುಗಳೇ, ಕಾಲು ಹೇಗಿದೆ?" ಅಂದ.

"ಕಾಲು ಸರಿಯಿದೆ, ಮೂಗು ಸತ್ತುಹೋಯ್ತು. ಆ ವೈರ್ ಸುರುಳಿ ತಗೊಂಡು ಬಾ."

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಪ್ರತಿ ಪ್ಲಗ್ಗಿಗೂ ಮೂರು ವೈರು ಬರುತ್ತವೆ. ಫೇಸು ಕರೆಂಟು ತರುತ್ತದೆ, ನ್ಯೂಟ್ರಲ್ಲು ವಾಪಸ್ಸು ಒಯ್ಯುತ್ತದೆ. ಮೂರನೆಯದು ಅರ್ಥಿಂಗಿನ ಹಸಿರು ವೈರು. ಎಲ್ಲ ಸರಿಯಿರುವವರೆಗೆ ಅದಕ್ಕೆ ಕೆಲಸವೇ ಇಲ್ಲ. ಮೆಷಿನ್ನಿನ ತಗಡಿಗೆ ಎಲ್ಲಾದರೂ ಕರೆಂಟು ತಗುಲಿದರೆ ಅದು ನಿಮ್ಮ ಮೈಯೊಳಗೆ ಹಾಯುವ ಬದಲು ಆ ಹಸಿರು ವೈರಿನಲ್ಲಿ ಹಾದು, ಅಂಗಳದಲ್ಲಿ ಹೂತ ಕಂಬಿಯಿಂದ ಮಣ್ಣಿಗೆ ಹೋಗುತ್ತದೆ. ಇರುವವರೆಗೆ ಯಾರೂ ಕೇಳುವುದಿಲ್ಲ, ಇಲ್ಲದ ದಿನ ಹೆಣ ಬೀಳುತ್ತದೆ. ಆ ವೈರು ಮೇನ್ ಬೋರ್ಡಿನಿಂದ ಪ್ಲಗ್ಗಿನವರೆಗೆ ನಡುವೆ ಎಲ್ಲೂ ತುಂಡಾಗದೆ ಬಂದಿದೆಯೇ ಎಂದು ನೋಡುವುದೇ ಕಂಟಿನ್ಯೂಟಿ ಪರೀಕ್ಷೆ. ಕರೆಂಟು ಬರುವ ಮೊದಲೇ, ಗೋಡೆ ಸತ್ತಂತೆ ಮಲಗಿರುವಾಗಲೇ ಮಾಡಬೇಕು. ಬೋರ್ಡಿನಲ್ಲಿ ಹಸಿರು ವೈರುಗಳೆಲ್ಲ ಸೇರುವ ಅರ್ಥಿಂಗ್ ಪಟ್ಟಿಗೆ ಒಂದು ಉದ್ದ ವೈರು ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೀಟರಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಸುತ್ತುವುದು. ಮೀಟರಿನ ಮತ್ತೊಂದು ಕಡ್ಡಿಯನ್ನು ಪ್ಲಗ್ಗಿನ ದೊಡ್ಡ ತೂತಿಗೆ ಇಟ್ಟರೆ, ದಾರಿ ಸರಿಯಿದ್ದಲ್ಲಿ ಮೀಟರು ಪೀಂ ಎಂದು ಕೂಗುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ.

ನಡುಮನೆಯಿಂದ ಶುರು ಮಾಡಿದೆ. ಮೀಟರು ಇಡುವ ಮೊದಲು ಪ್ರತಿ ಪ್ಲಗ್ಗಿನ ಮುಚ್ಚಳ ತೆಗೆದು ಒಳಗೆ ನೋಡುವುದು ನನ್ನ ಪದ್ಧತಿ. ಅವತ್ತು ನೋಡಬಾರದಿತ್ತು.

ಮೊದಲ ಡಬ್ಬಿಯೊಳಗೆ ನಾಲ್ಕು ಸಿಗರೇಟಿನ ತುದಿ. ಎರಡನೆಯದರಲ್ಲಿ ಬಾಳೆಹಣ್ಣಿನ ಸಿಪ್ಪೆ, ಕಪ್ಪಾಗಿ ವೈರಿಗೇ ಅಂಟಿಕೊಂಡು ಯಾವುದು ಸಿಪ್ಪೆ ಯಾವುದು ವೈರು ಎಂದು ತಿಳಿಯದ ಸ್ಥಿತಿಯಲ್ಲಿ. ಮೂರನೆಯದಕ್ಕೆ ಬೆರಳು ಹಾಕಿದೆ. ಮೆತ್ತಗೆ, ತಣ್ಣಗೆ ಏನೋ ತಗುಲಿತು. ಎಳೆದೆ. ನೂಲಿನಂತೆ ಬಂತು. ಚ್ಯೂಯಿಂಗ್ ಗಮ್ಮು. ಸ್ಕ್ರೂ ಬಿಗಿಯಾಗದ ಕಡೆ ಟೇಪು ಅದನ್ನು ತುರುಕಿದ್ದ, ಅದರ ಮೇಲೆ ಅವನ ದವಡೆ ಹಲ್ಲಿನ ಗುರುತು ಅಚ್ಚು ಹೊಡೆದಂತಿತ್ತು.

ಬೆಳಿಗ್ಗೆ ತಿಂದದ್ದೆಲ್ಲ ಗಂಟಲಿಗೆ ಬಂತು. ಹಿಂದಿನ ವಾರ ತಿಂದದ್ದೂ ಜೊತೆಗೆ ಎದ್ದು ಬಂತು.

"ಲೋ ಕೊಳಕ! ನಿನ್ನ ಎಂಜಲನ್ನ ನನ್ನ ತಂಗಿ ಮನೆ ಗೋಡೆಯೊಳಗೆ ತುಂಬಿದ್ದೀಯಲ್ಲೋ!"

"ಗಟ್ಟಿ ಹಿಡಿಯುತ್ತೆ ಗುರುಗಳೇ," ಅಂದ, ಅಗಿಯುತ್ತಲೇ. "ಒಣಗಿದ ಮೇಲೆ ಕಲ್ಲು."

"ಇನ್ನು ಎಷ್ಟು ಕಡೆ ಹಾಕಿದ್ದೀಯ?"

"ಎಣಿಸಿಲ್ಲ. ಒಂದು ಡಬ್ಬಿ ಗಮ್ಮು ಖರ್ಚಾಯ್ತು."

ಕೈಯನ್ನು ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯದೆ ದೂರ ಚಾಚಿಕೊಂಡು ನಿಂತೆ. ತಂಗಿ ಬಕೆಟ್ಟಿನಲ್ಲಿ ನೀರು ತಂದಳು. "ಅಣ್ಣಾ, ಕೊಳಕು ಹೋಗ್ಲಿ. ಕೆಲಸ ಹೇಗಿದೆ? ಅದು ಹೇಳು," ಅಂದಳು.

ಅದು ಸರಿಯಾದ ಪ್ರಶ್ನೆ. ಮೀಟರು ಇಟ್ಟೆ. ಪೀಂ. ಮುಂದಿನದು, ಪೀಂ. ಮಲಗುವ ಕೋಣೆ, ಪೀಂ. ಅಡುಗೆಮನೆಯ ನಾಲ್ಕೂ ಪ್ಲಗ್ಗು ಪೀಂ, ಪೀಂ, ಪೀಂ, ಪೀಂ. ಹದಿನೆಂಟು ಪ್ಲಗ್ಗು, ಹದಿನೆಂಟು ಕೂಗು. ಬೆಳಗಿನ ಜಾವದ ಕೋಳಿಗೂಡಿನಂತಾಯಿತು ಮನೆ. ನನ್ನ ವಾಕರಿಕೆ ಸ್ವಲ್ಪ ಇಳಿಯಿತು, ಎದೆ ಸ್ವಲ್ಪ ಉಬ್ಬಿತು.

"ನೋಡಿದ್ಯಾ? ಮನುಷ್ಯ ಹಂದಿ, ಆದ್ರೆ ಕೈ ನನ್ನದು," ಅಂದೆ ತಂಗಿಗೆ. "ಈ ಕೈಗೆ ಕಲಿಸಿದ್ದು ಯಾರು? ಇವನು ನನ್ನ ಹತ್ರ ಬಂದಾಗ ಬಲ್ಬಿಗೂ ಬದನೆಕಾಯಿಗೂ ವ್ಯತ್ಯಾಸ ಗೊತ್ತಿರಲಿಲ್ಲ."

ಟೇಪು ನಗಲಿಲ್ಲ. ನಾನು ಬೈದಾಗೆಲ್ಲ ಹಲ್ಲು ಕಿರಿಯುವವನು, ಹೊಗಳಿದಾಗ ಮುಖ ಕೆಳಗೆ ಹಾಕಿದ. "ಒಗೆಯೋ ಜಾಗ ಊಟ ಆದ್ಮೇಲೆ ನೋಡೋಣ ಗುರುಗಳೇ. ಕಾಲು ನೋಯ್ತಿರುತ್ತೆ," ಅಂದ.

"ಅಲ್ಲಿ ಒಂದೇ ಪ್ಲಗ್ಗು ತಾನೇ? ಮುಗಿಸಿಬಿಡೋಣ."

ಒಗೆಯುವ ಜಾಗದಲ್ಲಿ ನೀಲಿ ಹೂವಿನ ಟೈಲ್ಸ್ ಮಿರಮಿರ ಮಿಂಚುತ್ತಿದ್ದವು. ತಂಗಿಯ ಗಂಡ ಚಪ್ಪಲಿ ಬಿಟ್ಟು ಒಳಗೆ ಬಂದ, ನನ್ನದನ್ನೂ ಬಿಡಿಸಿದ. ಮೂಲೆಯಲ್ಲಿ ಹೊಸ ಮೆಷಿನ್ನು ರಟ್ಟಿನ ಪೆಟ್ಟಿಗೆಯೊಳಗೇ ಇತ್ತು. ಪ್ಲಗ್ಗಿನ ದೊಡ್ಡ ತೂತಿಗೆ ಕಡ್ಡಿ ಇಟ್ಟೆ. ಪೀಂ. ಹತ್ತೊಂಬತ್ತಕ್ಕೆ ಹತ್ತೊಂಬತ್ತು.

"ಕಾಗದ ತಗೊಂಡ್ಬಾ," ಅಂದೆ ತಂಗಿಗೆ. ಅವಳು ಕಾಗದವನ್ನೂ ಪೆನ್ನನ್ನೂ ಸೆರಗಿನಲ್ಲೇ ಹಿಡಿದುಕೊಂಡಿದ್ದಳು. ಕಾಗದವನ್ನು ಮೆಷಿನ್ನಿನ ಪೆಟ್ಟಿಗೆಯ ಮೇಲೆ ಹರಡಿ, ಮಡಿಕೆಗಳನ್ನು ಬಾಗಿದ ಬೆರಳಿನಿಂದ ತಿದ್ದಿ ತಿದ್ದಿ ಸಮ ಮಾಡಿದಳು. ನಾನು ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ತಂಗಿಯ ಗಂಡ, "ಇಷ್ಟೇನಾ ಭಾವ? ಬರೀ ಪೀಂ ಅನ್ಸೋದಕ್ಕೆ ನೀವೇ ಬರ್ಬೇಕಿತ್ತಾ? ನಾನೂ ಅನ್ಸ್ತಿದ್ದೆ," ಅಂದ.

ಅಲ್ಲಿಗೆ ಸುಮ್ಮನೆ ಸಹಿ ಹಾಕುವ ಜಾಯಮಾನ ನನ್ನದಲ್ಲ. ಮೂವತ್ತೊಂದು ವರ್ಷದ ವಿದ್ಯೆಗೆ ಇವನು ಪೀಂ ಅನ್ನುವುದೇ? ಪೆನ್ನು ಕೆಳಗಿಟ್ಟೆ.

"ಕೂಗಿಸೋದು ಯಾರು ಬೇಕಾದ್ರೂ ಮಾಡ್ತಾರೆ ಭಾವ. ಕೂಗದೆ ಇರೋದನ್ನ ನೋಡೋನೇ ಮೇಸ್ತ್ರಿ. ಈಗ ನೋಡಿ, ಒಂದು ಕಡ್ಡಿ ಅರ್ಥಿಂಗ್ ತೂತಿಗೆ, ಇನ್ನೊಂದು ನ್ಯೂಟ್ರಲ್ ತೂತಿಗೆ. ಇವೆರಡೂ ಒಂದನ್ನೊಂದು ಮುಟ್ಟಲೇಬಾರದು. ನೋಡ್ತಿರಿ, ಮೀಟರ್ ಕಲ್ಲು ನುಂಗಿದ ಹಾಗೆ ಸುಮ್ನಿರುತ್ತೆ."

ಕಡ್ಡಿ ಇಟ್ಟೆ.

ಪೀಂ.

ತಂಗಿಯ ಗಂಡ ಚಪ್ಪಾಳೆ ತಟ್ಟಿದ. "ಇದೂ ಪಾಸ್!"

ನಾನು ಕಡ್ಡಿ ತೆಗೆದು, ಉಜ್ಜಿ, ಮತ್ತೆ ಇಟ್ಟೆ. ಪೀಂ. ಟೇಪುವಿನ ದವಡೆ ನಿಂತಿತ್ತು. ಹತ್ತು ವರ್ಷದಲ್ಲಿ ಆ ದವಡೆ ನಿಂತದ್ದು ನಾನು ನೋಡಿರಲಿಲ್ಲ.

ಮೇನ್ ಬೋರ್ಡಿಗೆ ಹೋದೆ. ಮುಚ್ಚಳ ಬಿಚ್ಚಿದೆ. ನ್ಯೂಟ್ರಲ್ ಪಟ್ಟಿ ಮೇಲೆ, ಅರ್ಥಿಂಗ್ ಪಟ್ಟಿ ಕೆಳಗೆ. ಅವೆರಡರ ನಡುವೆ, ಉಳಿದ ವೈರುಗಳ ಬೆನ್ನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಅರ್ಧ ಬೆರಳುದ್ದದ ಹಸಿರು ವೈರಿನ ತುಂಡು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಒಗೆಯುವ ಜಾಗಕ್ಕೆ ವಾಪಸ್ಸು ಬಂದೆ. ಉದ್ದ ವೈರನ್ನು ಮೀಟರಿಗೆ ಸಿಕ್ಕಿಸಿ ದೊಡ್ಡ ತೂತಿಗೆ ಕಡ್ಡಿ ಇಟ್ಟೆ. ಈಗ ತಾನೇ ಕೋಳಿಯಂತೆ ಕೂಗಿದ್ದ ಪ್ಲಗ್ಗು ಸತ್ತು ಬಿದ್ದಿತ್ತು. ಹಸಿರು ವೈರು ಅಲ್ಲಿಗೆ ಬಂದೇ ಇರಲಿಲ್ಲ.

ಪ್ಲಗ್ಗಿನ ಹಿಂಬದಿ ಬಿಚ್ಚಿದೆ. ಅಲ್ಲೂ ಅದೇ, ಅರ್ಧ ಬೆರಳುದ್ದದ ತುಂಡು, ಅರ್ಥಿಂಗಿನ ಸ್ಕ್ರೂವಿನಿಂದ ನ್ಯೂಟ್ರಲ್ಲಿನ ಸ್ಕ್ರೂವಿಗೆ. ಅಲ್ಲಿಂದ ನ್ಯೂಟ್ರಲ್ ವೈರಿನಲ್ಲಿ ಬೋರ್ಡಿಗೆ ಹೋಗಿ, ಅಲ್ಲಿಯ ತುಂಡಿನಿಂದ ಅರ್ಥಿಂಗ್ ಪಟ್ಟಿಗೆ. ಮೀಟರಿಗೆ ದಾರಿ ಸಿಕ್ಕಿದರೆ ಸಾಕು, ಯಾವ ದಾರಿ ಎಂದು ಅದು ಕೇಳುವುದಿಲ್ಲ. ಕೂಗಿತ್ತು.

ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಎರಡು ತುದಿಯಲ್ಲೂ ತಾಮ್ರವನ್ನು ಹಿಂದಕ್ಕೆ ಎರಡು ಮಡಿಕೆ ಮಡಚಿ, ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಲಾಗಿತ್ತು. ಒಂಟಿ ಎಳೆಯಾದರೆ ಸ್ಕ್ರೂ ಕೆಳಗೆ ಜಾರುತ್ತದೆ, ಎರಡು ಮಡಿಕೆಯಾದರೆ ಮೊಸಳೆ ಹಿಡಿದ ಹಾಗೆ ಹಿಡಿಯುತ್ತದೆ. ಈ ಊರಲ್ಲಿ ಹಾಗೆ ಮಡಚುವವನು ಒಬ್ಬನೇ. ಆ ಮಡಿಕೆಗೆ ನನ್ನ ಹೆಸರೇ ಇಟ್ಟಿದ್ದೇನೆಂದು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೇನೆ.

ಗಮ್ಮು ಮುಟ್ಟಿದಾಗ ಆದ ಹೇಸಿಗೆ ಇದರ ಮುಂದೆ ಹೂವು ಮೂಸಿದ ಹಾಗೆ.

"ಏನದು ಅಣ್ಣಾ?" ಅಂದಳು ತಂಗಿ.

ಎರಡು ವಾಕ್ಯದಲ್ಲಿ ಹೇಳಿದೆ. ಮೆಷಿನ್ನಿನ ತಗಡನ್ನು ಮಣ್ಣಿಗೆ ಕಟ್ಟುವ ಬದಲು ನ್ಯೂಟ್ರಲ್ಲಿಗೆ ಕಟ್ಟಿದ್ದಾನೆ. ದಾರಿಯಲ್ಲಿ ಎಲ್ಲಾದರೂ ನ್ಯೂಟ್ರಲ್ಲು ಸಡಿಲವಾದ ದಿನ ಮೆಷಿನ್ನಿನ ಮೈಯೆಲ್ಲ ಕರೆಂಟು.

ಅವಳು ಪೆಟ್ಟಿಗೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕರೆಂಟೇ ಇಲ್ಲದ ಮನೆ, ರಟ್ಟಿನ ಪೆಟ್ಟಿಗೆ. ಆದರೂ ಎಳೆದುಕೊಂಡು, ಬಾಗಿದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿದಳು.

ನಾನು ಟೇಪುವಿನ ಮೇಲೆ ಹಾರಿದೆ. ನಾಚಿಕೆಗೆಟ್ಟವನೇ ಅಂದೆ, ಉಂಡ ಮನೆಗೆ ಎರಡು ಬಗೆಯುವವನೇ ಅಂದೆ, ನಿನ್ನ ಕೈಗೆ ಹುಳ ಬೀಳಲಿ ಅಂದೆ. ನನ್ನ ಬೈಗುಳ ಎಂಥದೆಂದರೆ ಗೋಡೆಯ ಬಣ್ಣ ಎದ್ದು ಬರಬೇಕು. ಅವನು ಟೈಲ್ಸ್ ನೋಡುತ್ತ ನಿಂತಿದ್ದ.

"ಗೋಡೆಯ ಪೈಪಿನೊಳಗೆ ಸಿಮೆಂಟ್ ಬಿದ್ದಿತ್ತು. ಎರಡು ವೈರ್ ಹೋಯ್ತು, ಮೂರನೇದು ಹೋಗ್ಲಿಲ್ಲ," ಅಂದ. "ಅಷ್ಟರಲ್ಲಿ ಟೈಲ್ಸ್ ಹಾಕಿ ಆಗಿತ್ತು."

"ಒಡೀಬೇಕಿತ್ತು!"

"ಇವರು ಒಡೆಯೋಕೆ ಬಿಡ್ತಿದ್ರಾ?"

ತಂಗಿಯ ಗಂಡ ಎರಡು ಕೈ ಅಗಲಿಸಿ ಗೋಡೆಗೆ ಆತು ನಿಂತ, ಯಾರೋ ಆಗಲೇ ಸುತ್ತಿಗೆ ಎತ್ತಿದಂತೆ. "ಭಾವ, ಒಂದ್ನಿಮಿಷ. ನಾಲ್ಕು ಗಂಟೆಗೆ ಲೈನ್‌ಮನ್ ಬರ್ತಾನೆ. ಆ ತುಂಡು ಅಲ್ಲೇ ಹಾಕ್ಬಿಡಿ. ಮೀಟರ್ ಕೂಗುತ್ತೆ ತಾನೇ? ನೀವು ಸಹಿ ಹಾಕಿದ್ರೆ ಯಾರು ನೋಡ್ತಾರೆ? ಆಮೇಲೆ ಯಾವತ್ತಾದ್ರೂ ಸರಿ ಮಾಡೋಣ."

"ನೀವು ಸುಮ್ನಿರ್ರೀ," ಅಂದಳು ತಂಗಿ. ಆಮೇಲೆ ಟೇಪುವಿನ ಕಡೆ ತಿರುಗಿದಳು. "ನಾನು ನಿಂಗೆ ದಿನಾ ಟೀ ಮಾಡಿ ತಂದ್ಕೊಟ್ಟೆ. ನನ್ನ ಕೈ ನೋಡಿದ್ದೆಯಲ್ಲ ನೀನು? ಇಂಥದ್ದು ಮಾಡೋಕೆ ನಿಂಗೆ ಯಾರು ಕಲಿಸಿದ್ರು? ನಮ್ಮಣ್ಣನ ಹತ್ರ ಹತ್ತು ವರ್ಷ ಇದ್ದು..."

ಟೇಪು ತಲೆಯೆತ್ತಿ ನನ್ನನ್ನು ನೋಡಿದ. ಆ ಕೊಳಕ, ಎಂಜಲು ಗೋಡೆಗೆ ತುಂಬುವವನು, ನನ್ನ ಮಾನ ಉಳಿಸಲು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಅದನ್ನು ನೋಡಿ ನನಗೆ ನನ್ನ ಮೇಲೆ ಹುಟ್ಟಿದ ಅಸಹ್ಯವನ್ನು ಅಳೆಯುವ ಮೀಟರು ಇನ್ನೂ ಬಂದಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಒಂದು ಮನೆಯಲ್ಲಿ ಹೀಗೇ ಪೈಪು ಕಟ್ಟಿಕೊಂಡು ಹಸಿರು ವೈರು ಹೋಗಲಿಲ್ಲ. ಮರುದಿನ ಬೇರೆ ಕಡೆ ದೊಡ್ಡ ಕೆಲಸ ಕಾಯುತ್ತಿತ್ತು. ಅರ್ಧ ಬೆರಳು ವೈರು ಕತ್ತರಿಸಿ, ಮಡಚಿ, ಪ್ಲಗ್ಗಿನಲ್ಲೊಂದು ಬೋರ್ಡಿನಲ್ಲೊಂದು ಹಾಕಿ, ಮೀಟರು ಕೂಗಿಸಿ ತೋರಿಸಿದ್ದೆ. ಟೇಪು ಬೆರಗಾಗಿ ಬಾಯಿ ಬಿಟ್ಟಿದ್ದ. "ಇದನ್ನ ಹಿಡಿಯೋನು ಇನ್ನೂ ಹುಟ್ಟಿಲ್ಲ ಕಣೋ, ನನ್ನ ಬಿಟ್ರೆ," ಎಂದು ಅವನ ಬೆನ್ನು ತಟ್ಟಿದ್ದೆ. ನನ್ನ ಬಡಾಯಿಗಳಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ.

"ನಾನು," ಅಂದೆ.

"ಏನು ನೀನು?"

"ನಾನೇ ಕಲಿಸಿದ್ದು. ಈ ಮಡಿಕೆ ನನ್ನದು. ಬೇರೆ ಮನೆಗಳಲ್ಲಿ ನಾನೇ ಹಾಕಿದ್ದೀನಿ."

ತಂಗಿ ನನ್ನನ್ನು ನೋಡಿದ ರೀತಿ ಹೇಳುತ್ತೇನೆ: ಬೆಳಿಗ್ಗೆ ನಾನು ಆ ಗಮ್ಮಿನ ನೂಲನ್ನು ನೋಡಿದ್ದೆನಲ್ಲ, ಹಾಗೆ.

"ಎಷ್ಟು ಮನೆ?" ಅಂದಳು.

"ನಾಲ್ಕು."

"ನೀನು ನಾಲ್ಕು ಮೀನು ಹಿಡಿದ್ರೆ ನಲವತ್ತು ಅನ್ನೋನು. ಸ್ಟೂಲನ್ನ ಮೂರನೇ ಮಹಡಿ ಅನ್ನೋನು. ಈಗ ನಾಲ್ಕು ಅಂದ್ರೆ ನಾನು ಎಷ್ಟು ಅಂತ ತಿಳ್ಕೊಳ್ಳಿ?"

"ನಾಲ್ಕೇ ಕಣೇ. ನಿಜವಾಗ್ಲೂ."

"ಹೇಗೆ ನಂಬ್ಲಿ?"

ಜೀವಮಾನವಿಡೀ ಒಂದನ್ನು ಹತ್ತು ಮಾಡಿದವನಿಗೆ ನಾಲ್ಕನ್ನು ನಾಲ್ಕು ಎಂದು ನಂಬಿಸಲು ಬರಲಿಲ್ಲ. ಟೇಪುವೇ ಮೆಲ್ಲಗೆ ಹೇಳಿದ: "ನಾಲ್ಕೇ ಅಕ್ಕ. ನಾಲ್ಕೂ ಕಡೆ ನಾನೇ ಜೊತೆಗಿದ್ದೆ. ನನ್ನದು ಇದು ಸೇರಿ ಎರಡು."

ಸಾಕ್ಷಿ ಹೇಳಿದವನು ಅವನು. ಅವಳು ನಂಬಿದ್ದೂ ಅವನನ್ನೇ.

ಪೆಟ್ಟಿಗೆಯ ಮೇಲಿನ ಕಾಗದ ಎತ್ತಿಕೊಂಡಳು. ನನ್ನ ಹೆಸರಿನ ಒಂದೇ ಅಕ್ಷರ ಅದರಲ್ಲಿತ್ತು. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. "ಲೈನ್‌ಮನ್‌ಗೆ ಇವತ್ತು ಬರೋದು ಬೇಡ ಅಂತ ಹೇಳ್ರೀ," ಅಂದಳು ಗಂಡನಿಗೆ. "ಲಾರಿಗೂ ಹೇಳಿ. ನೀವಿಬ್ರೂ ಈಗಲೇ ಈ ಟೈಲ್ಸ್ ಒಡೆದು ವೈರ್ ಹಾಕಿ. ನಾಳೆಯಿಂದ ಆ ಮನೆಗಳಿಗೆ ಹೋಗಿ. ಅವೆಲ್ಲ ಸರಿಯಾದ ಮೇಲೆ ಬಾ ಅಣ್ಣ, ಆಮೇಲೆ ನಮ್ಮನೆ ಪರೀಕ್ಷೆ ಮಾಡು. ಅಲ್ಲೀವರೆಗೆ ನಿನ್ನ ಸಹಿ ನನಗೆ ಬೇಡ."

"ಹನ್ನೊಂದು ಟೈಲ್ಸ್ ಹೋಗುತ್ತೆ ಕಣೇ!" ಅಂದ ಅವಳ ಗಂಡ. "ಆ ಹೂವು ಈಗ ಅಂಗಡೀಲೇ ಇಲ್ಲ!"

ಅವಳು ಬಲಗೈಯನ್ನು ಅವನ ಮುಖದ ಮುಂದೆ ಹಿಡಿದಳು, ಅಷ್ಟೇ. ಅವನೇ ಹೋಗಿ ಸುತ್ತಿಗೆ ತಂದ.

ಸಂಜೆ ಐದರವರೆಗೆ ಒಡೆದೆವು. ಪೈಪಿನೊಳಗಿಂದ ಸಿಮೆಂಟಿನ ಗಡ್ಡೆ ಹೊರಬಂತು, ನೆಲ್ಲಿಕಾಯಿ ಗಾತ್ರದ್ದು. ಆನೆಯಷ್ಟಿತ್ತು ಎಂದು ಹೇಳುವ ಹುಮ್ಮಸ್ಸು ನನಗೆ ಉಳಿದಿರಲಿಲ್ಲ. ಹಸಿರು ವೈರು ಎಳೆದೆವು, ಪ್ಲಗ್ಗಿಗೆ ಕಟ್ಟಿದೆವು. ಗೋಡೆಯೊಳಗಿನ ಗಮ್ಮನ್ನೆಲ್ಲ ಟೇಪು ಒಂದೊಂದಾಗಿ ತನ್ನ ಉಗುರಿನಿಂದಲೇ ಕಿತ್ತು ತೆಗೆದ. ಮೂಲೆಯ ಮೂತ್ರದ ಗೋಡೆಯನ್ನು ನಾನು ತೊಳೆದೆ. ತೊಳೆ ಎಂದು ಯಾರೂ ಹೇಳಿರಲಿಲ್ಲ. ಕೈಗೆ ಆ ವಾಸನೆ ಹತ್ತಿ, ಸೋಪು ಹಾಕಿದರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಆ ನಾಲ್ಕು ಮನೆಗಳಲ್ಲಿ ಮೊದಲನೆಯದರ ಮುಂದೆ ನಿಂತೆವು. ಟೇಪುವಿನ ಹೆಗಲ ಮೇಲೆ ಹಸಿರು ವೈರಿನ ಸುರುಳಿ, ನನ್ನ ಹೆಗಲ ಮೇಲೆ ಮೀಟರು. ಬಾಗಿಲು ತೆರೆದವಳು ಆ ಮನೆಯ ಸೊಸೆಯಿರಬೇಕು, ಕಂಕುಳಲ್ಲಿ ಮಗು. ಬರಿಗಾಲು. ಮೊಣಕೈವರೆಗೂ ಸೋಪಿನ ನೊರೆ. ಒಳಗಿಂದ ಮೆಷಿನ್ನು ಗುರುಗುಟ್ಟುವುದು ಕೇಳುತ್ತಿತ್ತು.

"ಹದಿನಾಲ್ಕು ವರ್ಷದ ಹಿಂದೆ ಈ ಮನೆ ವೈರಿಂಗ್ ಮಾಡಿದ್ದು ನಾನು," ಅಂದೆ.

"ಅಯ್ಯೋ, ನೀವೇನಾ!" ಅವಳ ಮುಖ ಅರಳಿತು. "ನಮ್ಮತ್ತೆ ಈಗ್ಲೂ ನಿಮ್ಮನ್ನ ಹೊಗಳ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನ ಕೆಟ್ಟಿಲ್ಲ ಅಂತ. ಈಗೀಗ ಮೆಷಿನ್ ಮುಟ್ಟಿದ್ರೆ ಸ್ವಲ್ಪ ಜುಂ ಅನ್ನುತ್ತೆ, ಅಷ್ಟೇ. ಬನ್ನಿ ಬನ್ನಿ, ಕೂತ್ಕೊಳ್ಳಿ. ಮೆಷಿನ್ ಆಫ್ ಮಾಡಿ ಬರ್ತೀನಿ."

"ಮುಟ್ಬೇಡಿ!"

ನನ್ನ ಕೂಗಿಗೆ ಮಗು ಬೆಚ್ಚಿ ಅಳತೊಡಗಿತು. ಅವಳು ನೊರೆಗೈಯನ್ನು ಗಾಳಿಯಲ್ಲಿ ಹಿಡಿದು ಹಾಗೇ ನಿಂತಳು.

"ನಿಂತಲ್ಲೇ ನಿಂತಿರಿ ತಾಯಿ. ಮೇನ್ ಸ್ವಿಚ್ ಎಲ್ಲಿದೆ ಅಂತ ನನಗೆ ಗೊತ್ತು," ಎಂದು ಚಪ್ಪಲಿ ಸಮೇತ ಒಳಗೆ ನುಗ್ಗಿದೆ.